ನಿಮಗಿದು ಗೊತ್ತೇ? – ನಮ್ಮೂರಿನ ಮದ್ದು, ವಿಷ ಮತ್ತು ಗಡಿಯಾರ

ಬಿ.ಸಿ.ರೋಡಿನ ಗೊಬ್ಬರದ ಅಂಗಡಿಗೆ ಹೋದವರು ಕೇಳುವುದು "ಅಡಿಕೆಗೆ ಬಿಡುವ ಮದ್ದು ಉಂಟಾ?" ಎಂದು. ನಾಲ್ಕು ಅಂಗಡಿ ದಾಟಿ ಮೆಡಿಕಲಿಗೆ ಹೋದರೂ ಅದೇ ಮಾತು: "ಜ್ವರಕ್ಕೆ ಮದ್ದು ಕೊಡಿ." ಇಲಿಗೆ ಇಡುವುದೂ ಮದ್ದು, ಗರ್ನಾಲಿಗೆ ತುಂಬುವುದೂ ಮದ್ದು. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ನಮ್ಮವರು ಒಂದೇ ಹೆಸರಿಟ್ಟದ್ದು ಭಾಷೆಯ ಬಡತನದಿಂದಲ್ಲ. ಯಾವುದೂ ತನ್ನಷ್ಟಕ್ಕೆ ವಿಷವಲ್ಲ, ಯಾವುದೂ ವಿಷವಲ್ಲದ್ದೂ ಅಲ್ಲ, ಪ್ರಮಾಣವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ಸ್ವಿಟ್ಜರ್‌ಲೆಂಡಿನ ವೈದ್ಯ ಪ್ಯಾರಾಸೆಲ್ಸಸ್ ಹದಿನಾರನೆಯ ಶತಮಾನದಲ್ಲಿ ಹೇಳಿದ. ವಿಷಶಾಸ್ತ್ರದ ಪುಸ್ತಕಗಳು ಇಂದಿಗೂ ಆ ಮಾತಿನಿಂದಲೇ ಶುರುವಾಗುತ್ತವೆ.

ನೀರೂ ಇದಕ್ಕೆ ಹೊರತಲ್ಲ. ಮೂತ್ರಪಿಂಡ ಹೊರಹಾಕುವುದಕ್ಕಿಂತ ವೇಗವಾಗಿ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ, ಮಿದುಳು ಊದಿಕೊಳ್ಳುತ್ತದೆ. ದೂರದ ಓಟದ ಸ್ಪರ್ಧೆಗಳಲ್ಲಿ ಹೀಗೆ ಸತ್ತವರಿದ್ದಾರೆ.

ಹೃದಯದ ತೊಂದರೆ ಇರುವ ಹಿರಿಯರಿಗೆ ರಕ್ತ ಹೆಪ್ಪುಗಟ್ಟದಿರಲು ಕೊಡುವ ವಾರ್ಫರಿನ್ ಮಾತ್ರೆ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರ ಔಷಧಿಯಾದದ್ದು 1954ರಲ್ಲಿ. ಈಗಲೂ ಆ ಮಾತ್ರೆ ನುಂಗುವವರ ರಕ್ತವನ್ನು ಆಗಾಗ ಪರೀಕ್ಷಿಸುವುದೇಕೆಂದರೆ ಮದ್ದಿಗೂ ವಿಷಕ್ಕೂ ನಡುವಿನ ಗೆರೆ ಅಲ್ಲಿ ಬಹಳ ಸಪೂರ.

ಕೀಟನಾಶಕದ ಡಬ್ಬದ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತಿ ಘೋರ ವಿಷ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ನನಗೆ ಗೊತ್ತಿರುವ ಎಷ್ಟೋ ಕೃಷಿಕರು ಹಸಿರನ್ನು ನೋಡಿ ಇದು ಸಾವಯವ ಎಂದುಕೊಂಡಿದ್ದಾರೆ. ಅಲ್ಲ! ಆ ಬಣ್ಣ ಹೇಳುವುದು ಒಂದೇ ಸಲ ದೇಹಕ್ಕೆ ಹೋದರೆ ಎಷ್ಟು ಅಪಾಯ ಎಂಬುದನ್ನು ಮಾತ್ರ. ಇಪ್ಪತ್ತು ವರ್ಷ ಸ್ವಲ್ಪ ಸ್ವಲ್ಪವೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಆ ಚೌಕದಲ್ಲಿ ಬಣ್ಣವಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಎಂಡೋಸಲ್ಫಾನ್ ಬಿದ್ದ ಕೊಕ್ಕಡಕ್ಕೆ ಹೋದಾಗ ಮತ್ತೆ ಬೇಕಾಗುತ್ತದೆ.

ಈ ಬಣ್ಣದ ನಿಯಮದ ಹಿಂದೆ ನೂರಕ್ಕೂ ಹೆಚ್ಚು ಸಾವುಗಳಿವೆ. 1958ರಲ್ಲಿ ಹಡಗಿನಲ್ಲಿ ಆಹಾರ ಸಾಮಗ್ರಿಯ ಜತೆಗೇ ಪ್ಯಾರಾಥಿಯಾನ್ ಕೀಟನಾಶಕವನ್ನೂ ತುಂಬಿ ತಂದರು. ಅದು ಸೋರಿ ಆಹಾರಕ್ಕೆ ಸೇರಿತು. ಅದನ್ನು ಉಂಡ ಕೇರಳ ಮತ್ತು ಮದ್ರಾಸ್ ರಾಜ್ಯಗಳ ಜನ ಗಂಟೆಗಳೊಳಗೆ ಸತ್ತರು. ಫಾಲಿಡಾಲ್ ಎಂಬ ಅದರ ಮಾರಾಟದ ಹೆಸರು ನಮ್ಮ ಹಿರಿಯರ ಬಾಯಲ್ಲಿ ವಿಷ ಎಂಬುದಕ್ಕೇ ಇನ್ನೊಂದು ಪದವಾಗಿತ್ತು. ಕೀಟನಾಶಕ ಕಾಯಿದೆ ಬಂದದ್ದು 1968ರಲ್ಲಿ, ಹತ್ತು ವರ್ಷ ಕಳೆದ ಮೇಲೆ.

ಪ್ಯಾರಾಥಿಯಾನ್ ಜಾತಿಯ ವಿಷಗಳು ಮಾಡುವುದೇನು? ನರವು ಸ್ನಾಯುವಿಗೆ "ಬಿಗಿ" ಎಂದು ಸಂದೇಶ ಕಳುಹಿಸಿದ ಮೇಲೆ ಆ ಸಂದೇಶವನ್ನು ಅಳಿಸಿಹಾಕುವ ಕಿಣ್ವವೊಂದಿದೆ. ಇವು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಸಂದೇಶ ಅಳಿಯುವುದೇ ಇಲ್ಲ. ಬೆವರು, ಜೊಲ್ಲು, ಸಾಸಿವೆ ಕಾಳಿನಷ್ಟಾಗುವ ಕಣ್ಣಪಾಪೆ, ಕೊನೆಗೆ ಉಸಿರಾಟದ ಸ್ನಾಯುಗಳ ಸೋಲು. ಬಾಯಿಗೆ ಹೋಗಬೇಕೆಂದೂ ಇಲ್ಲ, ಬೆನ್ನ ಮೇಲಿನ ಸ್ಪ್ರೇಯರ್ ಸೋರಿ ಒದ್ದೆಯಾದ ಅಂಗಿಯಿಂದ ಚರ್ಮದ ಮೂಲಕವೇ ಇಳಿಯುತ್ತದೆ. ಮೊದಲು ಬಿಚ್ಚಬೇಕಾದದ್ದು ಆ ಅಂಗಿ, ಮೊದಲು ಬೇಕಾದದ್ದು ಸಾಬೂನು ಮತ್ತು ನೀರು. ಆಸ್ಪತ್ರೆಯಲ್ಲಿ ಅಟ್ರೊಪಿನ್ ಕೊಡುತ್ತಾರೆ. ಅದೂ ದತ್ತೂರದ ಬಳಗದ ಗಿಡಗಳಲ್ಲಿರುವ ವಿಷವೇ.

ಒಂದೇ ಲೋಹ ಒಂದು ರೂಪದಲ್ಲಿ ವಿಷ, ಇನ್ನೊಂದು ರೂಪದಲ್ಲಿ ಸೌಮ್ಯ ಎಂಬುದನ್ನು ಕಲಿಯಲು ಅಡಿಕೆ ತೋಟಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಮಳೆಗಾಲದ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತನ್ನು ಹಾಗೆಯೇ ಕರಗಿಸಿ ಬಿಟ್ಟರೆ ಅಡಿಕೆಯ ಗೊನೆಯೇ ಸುಟ್ಟುಹೋಗುತ್ತದೆ, ಮನುಷ್ಯನ ಹೊಟ್ಟೆಗೆ ಹೋದರೆ ಕರುಳು ಸುಡುತ್ತದೆ. ಸುಣ್ಣ ಬಿದ್ದ ಕೂಡಲೇ ತಾಮ್ರ ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ. ಹಾಗಾಗಿ ಕಾಯಿಯ ಮೇಲೆ ಕೂತು ಶಿಲೀಂಧ್ರವನ್ನು ಮಾತ್ರ ತಡೆಯುತ್ತದೆ. ನಮ್ಮ ಅಪ್ಪ ಡ್ರಮ್ಮಿನಲ್ಲಿ ಕೋಲಾಡಿಸಿದ ಮೇಲೆ ಕತ್ತಿಯ ತುದಿಯನ್ನು ಅದ್ದಿ ತೆಗೆಯುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಪೊರೆ ಕಂಡರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು. ಇನ್ನಷ್ಟು ಹಾಕಿ, ಮತ್ತೆ ಕತ್ತಿ ಅದ್ದಿ, ಬಣ್ಣ ಬರಲಿಲ್ಲವೆಂದಾದ ಮೇಲೆಯೇ ಮರ ಹತ್ತುವವರಿಗೆ ಕೂಗು. ಪ್ರಯೋಗಾಲಯದ ಹುಡುಗರು ಮಾಡುವ ರಸಾಯನಶಾಸ್ತ್ರದ ಪರೀಕ್ಷೆಯೇ ಅದು. ಈ ದ್ರಾವಣವನ್ನು ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ 1885ರಲ್ಲಿ ಪರಿಚಯಿಸಿದವರು ಮಿಲಾರ್ಡೆ. ಅಡಿಕೆಯ ಕೊಳೆರೋಗಕ್ಕೆ ಇದೇ ಪರಿಹಾರವೆಂದು 1910ರ ಹೊತ್ತಿಗೆ ತೋರಿಸಿಕೊಟ್ಟವರು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಇದೇ ನಿಯಮದ ಇನ್ನೊಂದು ಸಾಕ್ಷಿ ಎಕ್ಸ್‌ರೇ ಕೋಣೆಯಲ್ಲಿದೆ. ಹೊಟ್ಟೆಯ ಚಿತ್ರ ತೆಗೆಯುವ ಮೊದಲು ಲೋಟ ತುಂಬ ಕುಡಿಸುವ ಬಿಳಿ ನೀರು ಬೇರಿಯಂ ಸಲ್ಫೇಟ್. ಕರಗದೆ ಹಾಗೆಯೇ ಹೊರಗೆ ಹೋಗುತ್ತದೆ. ಅದೇ ಬೇರಿಯಂನ ಕಾರ್ಬೊನೇಟ್ ಜಠರದ ಆಮ್ಲದಲ್ಲಿ ಕರಗುತ್ತದೆ, ಹಿಂದೆ ಅದನ್ನು ಇಲಿ ಪಾಷಾಣವಾಗಿ ಮಾರುತ್ತಿದ್ದರು.

ಆಟಿ ತಿಂಗಳಲ್ಲಿ ನಾವು ಆಸೆಪಟ್ಟು ತಿನ್ನುವ ಕಣಿಲೆಯಲ್ಲಿ ಸಯನೈಡ್ ಹುಟ್ಟಿಸುವ ವಸ್ತು ಇದೆ. ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುವ ಕ್ರಮವನ್ನು ಯಾವ ಅಜ್ಜಿ ಮೊದಲು ಕಂಡುಹಿಡಿದಳೋ, ಅವಳು ನಮ್ಮೂರಿನ ಮೊದಲ ವಿಷಶಾಸ್ತ್ರಜ್ಞೆ. ಹೆಚ್ಚಿದಾಗ ವಿಷ ಬಿಡುಗಡೆಯಾಗುತ್ತದೆ, ನೀರು ಅದನ್ನು ಒಯ್ಯುತ್ತದೆ, ಉಳಿದದ್ದನ್ನು ಬೆಂಕಿ ಓಡಿಸುತ್ತದೆ. ಮರಗೆಣಸು ಬೇಯಿಸಿದ ನೀರನ್ನು ಚೆಲ್ಲುವುದೂ ಇದಕ್ಕೇ. ಮನುಷ್ಯರು ಬಚಾವಾದರೂ ಹಟ್ಟಿಯ ದನಗಳಿಗೆ ಈ ಭಾಗ್ಯವಿಲ್ಲ. ಮರಗೆಣಸಿನ ಸೊಪ್ಪಿನಲ್ಲೂ ಇದೇ ಇದೆ, ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಸಯನೈಡನ್ನು ಬೇಗ ಬಿಡಿಸಿಕೊಡುತ್ತವೆ. ಬೇಲಿ ಹಾರಿ ಸೊಪ್ಪು ತಿಂದ ದನ ಅರ್ಧ ಗಂಟೆಯಲ್ಲಿ ಕಾಲು ಚಾಚಿದ್ದುಂಟು. ಪಶುವೈದ್ಯರು ಹೊತ್ತಿಗೆ ಸರಿಯಾಗಿ ಬಂದರೆ ಥಯೋಸಲ್ಫೇಟ್ ಇಂಜೆಕ್ಷನ್ನಿನಿಂದ ಎದ್ದು ನಿಂತದ್ದೂ ಉಂಟು.

ಸಯನೈಡ್ ತಿಂದವರ ರಕ್ತದಲ್ಲಿ ಆಮ್ಲಜನಕಕ್ಕೆ ಕೊರತೆ ಇರುವುದಿಲ್ಲ. ಜೀವಕೋಶಗಳಿಗೆ ಅದನ್ನು ಬಳಸಲು ಆಗುವುದಿಲ್ಲ, ಅಷ್ಟೇ. ಕೋಶದೊಳಗೆ ಉಸಿರಾಟದ ಕೊನೆಯ ಕೆಲಸ ಮಾಡುವ ಕಿಣ್ವದ ಕಬ್ಬಿಣಕ್ಕೆ ಸಯನೈಡ್ ಅಂಟಿಕೊಳ್ಳುತ್ತದೆ. ಉಣ್ಣಲು ಬಡಿಸಿಟ್ಟಿದ್ದರೂ ಕೈ ಕಟ್ಟಿಹಾಕಿದಂತೆ. ಹಾಗಾಗಿ ಮಿದುಳು ಮತ್ತು ಹೃದಯ ನಿಮಿಷಗಳಲ್ಲಿ ನಿಲ್ಲುತ್ತವೆ. ಸಿನಿಮಾದಲ್ಲಿ ತೋರಿಸುವಂತೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲ, ನೋವಿಲ್ಲದೆಯೂ ಅಲ್ಲ. ಪ್ರತಿವಿಷವಿದೆ. ವಿಟಮಿನ್ ಬಿ12ರ ಬಳಗದ ಹೈಡ್ರಾಕ್ಸೊಕೊಬಾಲಮಿನ್ ಸಯನೈಡನ್ನು ಅಪ್ಪಿಕೊಂಡು ನಿರುಪದ್ರವಿ ವಿಟಮಿನ್ ಆಗಿಬಿಡುತ್ತದೆ. ಆದರೆ ಅದು ಆಸ್ಪತ್ರೆಯ ಕಪಾಟಿನಲ್ಲಿರುತ್ತದೆ, ವಿಷ ತಗಲಿದವರು ಇನ್ನೆಲ್ಲೋ ಇರುತ್ತಾರೆ.

ಸಯನೈಡಿನ ಕಹಿಬಾದಾಮಿಯ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲ. ಅದನ್ನು ಗ್ರಹಿಸುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಇಲ್ಲ.

ಬಂಟ್ವಾಳ ತಾಲೂಕಿನಲ್ಲಿ ಸಯನೈಡ್ ಎಂದ ಕೂಡಲೇ ಕನ್ಯಾನದ ಹೆಸರು ಬರುತ್ತದೆ, ಆ ಊರಿನವರಿಗೆ ಅದು ಬೇಸರ ತರುತ್ತದೆ, ತರಬೇಕಾದದ್ದೇ. ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ ಮೋಹನ್ ಕುಮಾರ್ 2003ರಿಂದ 2009ರವರೆಗೆ 20 ಮಹಿಳೆಯರನ್ನು ಮದುವೆಯ ಮಾತು ಕೊಟ್ಟು ದೂರದ ಊರುಗಳಿಗೆ ಕರೆದೊಯ್ದು, ಗರ್ಭ ತಡೆಯುವ ಮಾತ್ರೆಯೆಂದು ನಂಬಿಸಿ ಸಯನೈಡ್ ಕೊಟ್ಟು ಕೊಂದ. ಎಷ್ಟೋ ಮಂದಿ ಬಸ್ ನಿಲ್ದಾಣಗಳ ಶೌಚಾಲಯದಲ್ಲಿ ಸತ್ತುಬಿದ್ದರು. ಅವರ ಮೈಮೇಲಿನ ಒಡವೆ ಅವನ ಪಾಲಾಯಿತು. ವಿಷ ನಿಮಿಷಗಳಲ್ಲಿ ಕೆಲಸ ಮುಗಿಸಿತ್ತು, ಸಾವಿನ ಲೆಕ್ಕ ಸಿಗಲು ಮಾತ್ರ ಆರು ವರ್ಷ ಬೇಕಾಯಿತು. ಬೇರೆ ಬೇರೆ ಠಾಣೆಗಳಲ್ಲಿ ಗುರುತು ಸಿಗದ ಹೆಣ, ಅಸಹಜ ಸಾವು, ಆತ್ಮಹತ್ಯೆ ಎಂದು ಕಡತಗಳು ಮುಚ್ಚಿದ್ದವು. ಮನೆಯವರು ಮಗಳು ಯಾರ ಜತೆಗೋ ಹೋಗಿ ಎಲ್ಲೋ ಸುಖವಾಗಿದ್ದಾಳೆ ಎಂದುಕೊಂಡಿದ್ದರು. 2009ರಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಯುವತಿ ಕಾಣೆಯಾದಾಗ ಊರವರು ಸುಮ್ಮನಿರಲಿಲ್ಲ, ಪೊಲೀಸರು ಮೊಬೈಲ್ ಕರೆಗಳ ಜಾಡು ಹಿಡಿದರು, ಅಕ್ಟೋಬರಿನಲ್ಲಿ ಅವನು ಸಿಕ್ಕಿದ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಶಿಕ್ಷೆಗಳನ್ನು ವಿಧಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದಾಗ 2020ರ ಜೂನ್. ನಾನು ಈ ಪ್ರಕರಣವನ್ನು ಸಯನೈಡಿನ ಕತೆಯಾಗಿ ಓದುವುದಿಲ್ಲ. ಕೊಡಲು ವರದಕ್ಷಿಣೆ ಇಲ್ಲದ ಮನೆಗಳ ಹೆಣ್ಣುಮಕ್ಕಳು ಕಾಣೆಯಾದರೆ ಕೇಳುವವರು ಎಷ್ಟು ತಡವಾಗಿ ಬರುತ್ತಾರೆ ಎಂಬುದರ ಕತೆ ಅದು.

ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು, ಕಬ್ಬಿಣ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ತರುವ ಹಾಲೆ ಮರದ ತೊಗಟೆಯ ಕಷಾಯ ನಮ್ಮಲ್ಲಿ ಎಲ್ಲ ಮನೆಗಳ ಮದ್ದು. ಕತ್ತಲೆಯಲ್ಲಿ ಮರ ತಪ್ಪಿದರೆ ಮಾತ್ರ ಅದು ಮದ್ದಲ್ಲ. ಅದೇ ಗುಡ್ಡದಲ್ಲಿ ಕಾಸರಕವೂ ಬೆಳೆಯುತ್ತದೆ, ಅದರ ತೊಗಟೆಯಲ್ಲೂ ಬೀಜದಲ್ಲೂ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಇವೆ. ಹಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಕೊಡೆಯಂತೆ ಏಳೇಳು ಹರಡಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆ ಎದುರುಬದುರು ಜೋಡಿ, ಹಾಲಿಲ್ಲ, ಹಣ್ಣು ಕಿತ್ತಳೆಯ ಬಣ್ಣ. ಹಿಂದಿನ ದಿನ ಹಗಲಲ್ಲೇ ಮರ ಗುರುತು ಮಾಡಿ, ಗೊತ್ತಿದ್ದವರನ್ನು ಕರೆದುಕೊಂಡು ಹೋಗಿ. ಸ್ಟ್ರಿಕ್ನಿನ್‌ನ ಕ್ರೌರ್ಯ ಬೇರೆಯೇ ಬಗೆಯದು. ಸ್ನಾಯುಗಳಿಗೆ "ಸಾಕು" ಎನ್ನುವ ನರಸಂದೇಶವನ್ನು ಅದು ತಡೆಯುತ್ತದೆ, ಒಂದು ಬಾಗಿಲು ಬಡಿದ ಸದ್ದಿಗೂ ಮೈಯೆಲ್ಲ ಬಿಲ್ಲಿನಂತೆ ಸೆಟೆಯುತ್ತದೆ, ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ಇದೇ ಬೀಜವನ್ನು ಆಯುರ್ವೇದದವರು ಹಾಲು, ತುಪ್ಪಗಳಲ್ಲಿ ಶೋಧಿಸಿ ಔಷಧಿಗೆ ಬಳಸುತ್ತಾರೆ. ಕಾಸರಗೋಡಿಗೆ ಆ ಹೆಸರು ಬಂದದ್ದು ಈ ಮರದಿಂದಲೇ ಎಂದು ಹೇಳುವವರೂ ಇದ್ದಾರೆ.

ವಿಷದ ಬಗ್ಗೆಯೇ ಒಂದು ಇಡೀ ಕಾವ್ಯ ಕನ್ನಡದಲ್ಲಿದೆ. ಹದಿನಾಲ್ಕನೆಯ ಶತಮಾನದ ಜೈನ ಕವಿ ಮಂಗರಾಜನ ಖಗೇಂದ್ರಮಣಿದರ್ಪಣ. ಗಿಡ ಮತ್ತು ಖನಿಜಗಳಿಂದ ಬರುವ ಸ್ಥಾವರ ವಿಷ, ಪ್ರಾಣಿಗಳಿಂದ ಬರುವ ಜಂಗಮ ವಿಷ ಎಂದು ವಿಂಗಡಿಸಿ, ಲಕ್ಷಣ ಹೇಳಿ, ಚಿಕಿತ್ಸೆ ಹೇಳುತ್ತದೆ. ಇಂಥ ಶಾಸ್ತ್ರಗ್ರಂಥಗಳನ್ನು ತಾಳೆಗರಿಯಲ್ಲಿ ಕಾಪಾಡಿದ ಪರಂಪರೆಗೆ ಮೂಡುಬಿದಿರೆಯ ಬಸದಿಗಳು ಸಾಕ್ಷಿ. ಸಿದ್ಧಾಂತ ಬಸದಿಯ ಧವಲಾ ಗ್ರಂಥಗಳು ಉಳಿದದ್ದು ಹಾಗೆ. ಮೂಡುಬಿದಿರೆಯ ಕಾಲೇಜುಗಳಲ್ಲಿ ಆಯುರ್ವೇದ ಓದುವ ಮಕ್ಕಳು ಮಂಗರಾಜನನ್ನೂ ಓದಬೇಕು ಎಂದು ನನಗೆ ಬಹಳ ಆಸೆ.

ಇನ್ನು ಹಾವು. ಕಟ್ಟುಹಾವು ಕಡಿದದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ. ರಾತ್ರಿ, ನೆಲದ ಮೇಲೆ ಮಲಗಿದವರಿಗೆ, ಸೊಳ್ಳೆ ಕಚ್ಚಿದಷ್ಟು ನೋವು. ಬೆಳಿಗ್ಗೆ ಹೊಟ್ಟೆನೋವು ಎಂದು ಏಳುತ್ತಾರೆ, ರೆಪ್ಪೆ ಎತ್ತಲಾಗುವುದಿಲ್ಲ, ಆಮೇಲೆ ಉಸಿರು. ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಅದಕ್ಕೆ ಅತ್ಯುತ್ತಮ ರಕ್ಷಣೆ. ನಾಗರಹಾವಿನದೂ ನರದ ಮೇಲಿನ ದಾಳಿ, ಅದು ಇನ್ನೂ ಬೇಗ. ಕೊಳಕುಮಂಡಲದ್ದು ರಕ್ತದ ದಾರಿ. ಹೆಪ್ಪುಗಟ್ಟಿಸುವ ವಸ್ತುವನ್ನೆಲ್ಲ ಅದು ಖರ್ಚು ಮಾಡಿಬಿಡುತ್ತದೆ. ಅದನ್ನು ಪತ್ತೆಹಚ್ಚಲು ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಗೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ. ಯಾವ ದುಬಾರಿ ಯಂತ್ರವೂ ಬೇಡ.

ಹಾವು ಕಡಿದರೂ ಪ್ರತಿ ಸಲ ವಿಷ ಬಿಡುವುದಿಲ್ಲ. ಬರಿಗಡಿತವೂ ಇದೆ, ವಿಷವೇ ಇಲ್ಲದ ಹಾವುಗಳು ಇನ್ನೂ ಹೆಚ್ಚು. ಮಂತ್ರ, ಬೇರು, ಕಲ್ಲುಗಳಿಗೆ ಬಂದ ಹೆಸರೆಲ್ಲ ಈ ಲೆಕ್ಕದಿಂದ ಬಂದದ್ದು. ಅಲ್ಲಿ ಕಳೆದ ಒಂದು ಗಂಟೆಯನ್ನು ಯಾವ ಇಂಜೆಕ್ಷನ್ನೂ ವಾಪಸು ಕೊಡುವುದಿಲ್ಲ. ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಿಯಿಂದ ಹೀರಬೇಡಿ. ಉಂಗುರ, ಬಳೆ ತೆಗೆದು, ಕಡಿದ ಕೈಕಾಲು ಅಲ್ಲಾಡದಂತೆ ಹಲಗೆ ಕಟ್ಟಿ 108ಕ್ಕೆ ಫೋನ್ ಮಾಡಿ. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆಂದು ಕುದುರೆಯ ರಕ್ತದಿಂದ ತಯಾರಾದದ್ದು. ಬೆಳ್ತಂಗಡಿಯ ಘಟ್ಟದಂಚಿನ ತೋಟಗಳಲ್ಲಿ ಕಾಣುವ, ಮೂತಿ ಮೇಲಕ್ಕೆ ಬಾಗಿದ ಸಣ್ಣ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಅದಕ್ಕೂ ಪ್ರತಿವಿಷ ಬೇಕು ಎಂದು ಕೇಳಬೇಕಾದವರು ನಾವೇ, ಅದು ಕಡಿಯುವುದು ನಮ್ಮನ್ನು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಲೆಕ್ಕ ಇದ್ದರೆ ಬೇಡಿಕೆಗೆ ಬಲ.

ಕೆಲವು ವಿಷಗಳು ದೇಹದೊಳಗೆ ಹೋದ ಮೇಲೆ ವಿಷವಾಗುತ್ತವೆ. ಬೆಂಗಳೂರಿನಲ್ಲಿ 1981ರ ಜುಲೈಯಲ್ಲಿ ಕಲಬೆರಕೆ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದ ಮೆಥನಾಲನ್ನು ಯಕೃತ್ತು ಫಾರ್ಮಿಕ್ ಆಮ್ಲವಾಗಿ ಪರಿವರ್ತಿಸುತ್ತದೆ. ಇರುವೆಯ ಉರಿಯಲ್ಲಿರುವ ಆಮ್ಲ ಅದು. ಕುಡಿದ ರಾತ್ರಿ ಬರೀ ಅಮಲು, ಮರುದಿನ ಕಣ್ಣು ಮಂಜು, ಆಮೇಲೆ ಕತ್ತಲೆ. ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಶುದ್ಧ ಎಥನಾಲನ್ನೇ ಕೊಡುವುದುಂಟು. ಯಕೃತ್ತಿನ ಕಿಣ್ವ ಅದರಲ್ಲಿ ಮುಳುಗಿರುವಾಗ ಮೆಥನಾಲ್ ಹಾಗೆಯೇ ಹೊರಹೋಗುತ್ತದೆ.

ಗುಡ್ಡದಿಂದ ತಂದ ಅಣಬೆ ತಿಂದು ಒಂದೆರಡು ಗಂಟೆಯಲ್ಲಿ ವಾಂತಿಯಾದರೆ ಸಾಮಾನ್ಯವಾಗಿ ಜೀವಕ್ಕೆ ತೊಂದರೆಯಿಲ್ಲ. ಆರು ಗಂಟೆ ಕಳೆದ ಮೇಲೆ ಶುರುವಾದರೆ ಹೆದರಬೇಕು. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಒಂದು ದಿನ ಕಾಡಿ, ಮರುದಿನ ವಾಸಿಯಾದಂತೆ ಕಾಣಿಸಿ, ಆ ಹೊತ್ತಿನಲ್ಲೇ ಯಕೃತ್ತನ್ನು ತಿನ್ನುತ್ತಿರುತ್ತದೆ. ಹಳದಿ ರಂಜಕದ ಇಲಿ ಪೇಸ್ಟೂ ಹೀಗೆಯೇ. "ಏನೂ ಆಗಲಿಲ್ಲ, ಆರಾಮ ಇದ್ದಾನೆ" ಎಂದು ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವುದು ಅತಿ ದೊಡ್ಡ ತಪ್ಪು. ಯಾವ ವಿಷಕ್ಕೆ ಏನು ಮಾಡಬೇಕೆಂದು ಹೇಳಲು ದಿಲ್ಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಉಚಿತ ದೂರವಾಣಿ 1800 116 117. ಫೋನ್ ಮಾಡುವಾಗ ಡಬ್ಬ ಕೈಯಲ್ಲಿರಲಿ. ಕಳೆನಾಶಕವನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸ ಇರುವವರು ದಯವಿಟ್ಟು ಇವತ್ತೇ ಬಿಡಿ.

ಎಲ್ಲಕ್ಕಿಂತ ನಿಧಾನದ ವಿಷ ನಮ್ಮ ಮೇಲೆ ಬಿದ್ದದ್ದು ಆಕಾಶದಿಂದ. ಗೇರು ಚಿಗುರನ್ನು ಹೀರುವ ಟೀ ಸೊಳ್ಳೆಗೆಂದು ಸರಕಾರಿ ನಿಗಮದ ಗೇರು ತೋಪುಗಳ ಮೇಲೆ, ಸುಮಾರು 1980ರಿಂದ 2000ದವರೆಗೆ, ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಟ್ಟರು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಮಕ್ಕಳು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡಿದರು. ಗಡಿಯಾಚೆ ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣೀನಗರಗಳ ಮೇಲೂ ಅದೇ ಮಳೆ, ಅಲ್ಲಿ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್, ನಮಗಿಂತಲೂ ಮೊದಲಿನಿಂದ. ಗುಡ್ಡದ ತಲೆಯ ಮೇಲೆ ಬಿದ್ದದ್ದು ತೋಡಿಗೆ, ಬಾವಿಗೆ, ಕುಡಿಯುವ ನೀರಿನ ಸುರಂಗಕ್ಕೆ ಇಳಿಯಿತು. 1979ರ ಹೊತ್ತಿಗೇ ಪಡ್ರೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಕಂಡು ಸಂಶಯಪಟ್ಟು ಬರೆದವರು ಪತ್ರಕರ್ತ ಶ್ರೀಪಡ್ರೆ. ತನ್ನ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಏಕೆ ಇಷ್ಟು ಎಂದು ಪಟ್ಟಿ ಮಾಡಿದವರು ವಾಣೀನಗರದ ಡಾ. ವೈ.ಎಸ್. ಮೋಹನ ಕುಮಾರ್. ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ತಡೆ ತಂದವರು ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ.

ಎಂಡೋಸಲ್ಫಾನ್ ನರಗಳನ್ನು ಶಾಂತಗೊಳಿಸುವ ಸಂದೇಶದ ದಾರಿಯನ್ನು ಮುಚ್ಚುತ್ತದೆ. ಒಮ್ಮೆಗೇ ಹೆಚ್ಚು ಹೋದರೆ ಗಂಟೆಗಳೊಳಗೆ ಅಪಸ್ಮಾರ, ಅದಕ್ಕೆಂದೇ ಇರುವ ಪ್ರತಿವಿಷವಿಲ್ಲ. ಅತಿ ಸ್ವಲ್ಪ, ಆದರೆ ವರ್ಷ ವರ್ಷ ಹೋದರೆ? ಹಾರ್ಮೋನುಗಳ ಕೆಲಸದಲ್ಲಿ ಕೈ ಹಾಕುತ್ತದೆ, ಮಣ್ಣಿನಲ್ಲಿ ಸಲ್ಫೇಟ್ ರೂಪಕ್ಕೆ ತಿರುಗಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಬಸುರಿಯ ಮೈಗೆ ಹೋದದ್ದು ಹುಟ್ಟುವ ಮಗುವಿನಲ್ಲಿ ಕಾಣಿಸಿದರೆ ಕಾರಣಕ್ಕೂ ಪರಿಣಾಮಕ್ಕೂ ನಡುವೆ ತಿಂಗಳು, ವರ್ಷಗಳ ಅಂತರ. ಆ ಅಂತರವನ್ನೇ ಹಿಡಿದು "ಸಾಬೀತಾಗಿಲ್ಲ" ಎಂದು ವಾದಿಸಿದವರು ಬಹಳ. ಸಯನೈಡಿನ ಪ್ರಕರಣದಲ್ಲಿ ಹೆಣದ ಹೊಟ್ಟೆಯಲ್ಲೇ ಸಾಕ್ಷಿ ಇತ್ತು, ಇಲ್ಲಿ ಸಾಕ್ಷಿ ಒಂದು ತಲೆಮಾರಿನಲ್ಲಿ ಹರಡಿಹೋಗಿತ್ತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗಳಿಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿತು. ಗುಡ್ಡದ ಈಚೆ ಬದಿಯ ನಮ್ಮವರಿಗೆ ಸಿಕ್ಕಿದ್ದು ಮಾಸಾಶನ ಮತ್ತು ಹಗಲು ಹೊತ್ತಿನ ಪಾಲನಾ ಕೇಂದ್ರ.

ಹೆಲಿಕಾಪ್ಟರ್ ಹಾರುತ್ತಿದ್ದ ಕೊನೆಯ ವರ್ಷಗಳಲ್ಲಿ ಕೊಕ್ಕಡದ ಸುತ್ತಮುತ್ತ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತರ ಆಸುಪಾಸು. ಅವರಲ್ಲಿ ಹಾಸಿಗೆ ಬಿಟ್ಟು ಏಳಲಾಗದವರನ್ನು ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರು ಅರುವತ್ತರ ಹತ್ತಿರ ಬಂದಿದ್ದಾರೆ. ಹಗಲಿನ ಕೇಂದ್ರ ಸಂಜೆ ಮುಚ್ಚುತ್ತದೆ. ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವರು ಕೇಳುತ್ತಿದ್ದಾರೆ. ರಾತ್ರಿಯೂ ತೆರೆದಿರುವ, ಶಾಶ್ವತವಾದ ಒಂದು ಪಾಲನಾ ಕೇಂದ್ರ ಬೇಕೆಂಬುದು ಅವರ ಹಳೆಯ ಬೇಡಿಕೆ.